ಹಗಲಿನಲ್ಲಿ ಉರಿಯುವ ದೀಪ

ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆಗೆ ಹೋಗುವಾಗ ಕಾಫಿ ತೋಟದ ಸಿಲ್ವರ್ ಓಕ್ ಮರಗಳು ರಸ್ತೆಯ ಮೇಲೆ ಪಟ್ಟೆ ಪಟ್ಟೆಯಾಗಿ ನೆರಳು ಚೆಲ್ಲಿರುತ್ತವೆ. ಬಿಸಿಲಿಗೆ ಹೊಂದಿಕೊಂಡ ಕಣ್ಣು ನೆರಳಿನೊಳಗಿನದನ್ನು ಗುರುತಿಸಲು ತುಸು ಹೊತ್ತು ಬೇಕು. ಆ ನೆರಳಿನಲ್ಲಿ ಬೂದು ಬಣ್ಣದ ಕಾರೊಂದು ಬರುತ್ತಿದ್ದರೆ ಡಾಂಬರು ಯಾವುದು, ಕಾರು ಯಾವುದು ಎಂದು ತಕ್ಷಣ ತಿಳಿಯುವುದಿಲ್ಲ. ನಮ್ಮ ಕಣ್ಣು ವಸ್ತುವಿಗಿಂತ ಮೊದಲು ಹಿಡಿಯುವುದು ಬೆಳಕಿನ ವ್ಯತ್ಯಾಸವನ್ನು. ಆ ಕಾರಿನ ಮುಂದೆ ಎರಡು ದೀಪ ಉರಿಯುತ್ತಿದ್ದರೆ, ನೇರವಾಗಿ ನೋಡದಿದ್ದರೂ ಕಡೆಗಣ್ಣಿಗೆ ಅದು ತಾಕುತ್ತದೆ.

ಇದರಿಂದ ಸಿಗುವ ಲಾಭ ಒಂದೆರಡು ಸೆಕೆಂಡು, ಅಷ್ಟೇ. ಆದರೆ ಎದುರುಬದುರಾಗಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ಎರಡು ವಾಹನಗಳ ನಡುವಿನ ಅಂತರ ಸೆಕೆಂಡಿಗೆ ಸುಮಾರು 33 ಮೀಟರಿನಷ್ಟು ಕರಗುತ್ತದೆ. ಎರಡು ಸೆಕೆಂಡು ಮೊದಲೇ ಕಂಡರೆ ಸುಮಾರು 66 ಮೀಟರ್ ಉಳಿಯಿತು. ಮುಂದಿನ ಬಸ್ಸನ್ನು ಓವರ್‌ಟೇಕ್ ಮಾಡಲು ಹೊರಟವನು ಮತ್ತೆ ತನ್ನ ಬದಿಗೆ ಸೇರಿಕೊಳ್ಳಲು ಅಷ್ಟು ನೆರವಾದೀತು.

ಸೂರ್ಯ ಮೇಲೇರದ ಉತ್ತರದ ನಾಡುಗಳು ಇದನ್ನು ಮೊದಲು ಕಂಡುಕೊಂಡವು. ಸ್ವೀಡನ್ 1977ರಲ್ಲಿಯೇ ಹಗಲು ದೀಪವನ್ನು ಕಡ್ಡಾಯ ಮಾಡಿತು. ಯುರೋಪಿನ ಹೊಸ ಮಾದರಿಯ ಕಾರುಗಳಿಗೆ 2011ರಿಂದ ಡಿಆರ್‌ಎಲ್ (ಡೇಟೈಮ್ ರನ್ನಿಂಗ್ ಲ್ಯಾಂಪ್, ಅಂದರೆ ಹಗಲಿನಲ್ಲಿ ತಾನಾಗಿಯೇ ಉರಿಯುವ ಮುಂದಿನ ದೀಪ) ಕಡ್ಡಾಯವಾಯಿತು. ನಮ್ಮಲ್ಲಿ 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ತಾನಾಗಿಯೇ ಉರಿಯುತ್ತದೆ. ಈಗಲೂ ಕೆಲವರು ಎದುರಿನಿಂದ ಬೆರಳು ಬಿಚ್ಚಿ ಮುಚ್ಚಿ "ಲೈಟ್ ಉರಿಯುತ್ತಿದೆ" ಎಂದು ಸನ್ನೆ ಮಾಡುತ್ತಾರೆ. ಅವರಿಗೆ ಅದು ಅಷ್ಟು ದೂರದಿಂದಲೇ ಕಂಡಿತಲ್ಲ, ದೀಪದ ಕೆಲಸ ಅದೇ!

ಡಿಆರ್‌ಎಲ್ ಇರುವುದು ನಮಗೆ ದಾರಿ ತೋರಿಸುವುದಕ್ಕಲ್ಲ. ಡಿಪ್ ಲೈಟ್ ಬೆಳಕನ್ನು ರಸ್ತೆಗೆ ಬಗ್ಗಿಸಿದರೆ, ಇದು ಎದುರಿನವರ ಕಣ್ಣಿನ ನೇರಕ್ಕೆ ಕಳಿಸುತ್ತದೆ. ಎಲ್‌ಇಡಿ ಆದರೆ ಕೆಲವೇ ವ್ಯಾಟ್ ಸಾಕು. ಹಳೆಯ ಹ್ಯಾಲೊಜೆನ್ ಹೆಡ್‌ಲೈಟಿನ ಒಂದು ಬಲ್ಬೇ 55 ವ್ಯಾಟ್ ನುಂಗುತ್ತದೆ.

ಇಷ್ಟಾದರೂ ಮಳೆಗಾಲದ ಚಾರ್ಮಾಡಿ ಘಾಟಿಯಲ್ಲಿ ಇದನ್ನೇ ನಂಬಿಕೊಳ್ಳುವುದು ಅಪಾಯ. ಬಹಳಷ್ಟು ಕಾರುಗಳಲ್ಲಿ ಡಿಆರ್‌ಎಲ್ ಉರಿಯುವಾಗ ಹಿಂದಿನ ಕೆಂಪು ದೀಪ ಉರಿಯುವುದಿಲ್ಲ. ಒಳಗೆ ಮೀಟರು ಬೆಳಗುತ್ತಿರುತ್ತದೆ, ಮುಂದಿನ ಮಂಜಿನಲ್ಲಿ ಬೆಳಕು ಕಾಣುತ್ತದೆ, ಲೈಟ್ ಹಾಕಿದ್ದೇನೆ ಎಂದೇ ಚಾಲಕ ತಿಳಿದಿರುತ್ತಾನೆ. ಹಿಂದೆ ಇಳಿಯುತ್ತಿರುವ ಲಾರಿಗೆ ಮಾತ್ರ ಬಿಳಿ ಮಂಜಲ್ಲದೆ ಮತ್ತೇನೂ ಕಾಣುವುದಿಲ್ಲ. ಇದು ನನಗೆ ನಿಜವಾಗಿ ದಿಗಿಲು ಹುಟ್ಟಿಸುವ ಸಂಗತಿ. ಮಂಜು ಕವಿದರೆ ಡಿಪ್ ಲೈಟ್ ಹಾಕಲೇಬೇಕು, ಫಾಗ್ ಲ್ಯಾಂಪ್ ಇದ್ದರೆ ಅದನ್ನೂ. ಹೈ ಬೀಮ್ ಬೇಡ. ಮಂಜಿನ ಹನಿಗಳು ಆ ಬೆಳಕನ್ನು ಚದುರಿಸಿ ನಮ್ಮ ಕಣ್ಣಿಗೇ ಹಿಂದಿರುಗಿಸುತ್ತವೆ. ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತ ಇಳಿಯುವವರೂ ಇದ್ದಾರೆ. ಹಾಗೆ ಮಾಡಿದರೆ ಕಾರು ಯಾವ ಕಡೆ ತಿರುಗುತ್ತದೆ ಎಂದು ಹಿಂದಿನವರಿಗೆ ತಿಳಿಯುವ ದಾರಿಯೇ ಇರುವುದಿಲ್ಲ.

ನಿಮ್ಮ ಕಾರು ಹೇಗೆ ಎಂದು ತಿಳಿಯಲು ಘಾಟಿಗೆ ಹೋಗಬೇಕಿಲ್ಲ. ಮನೆಯ ಮುಂದೆ ಹ್ಯಾಂಡ್ ಬ್ರೇಕ್ ಎಳೆದು ಎಂಜಿನ್ ಚಾಲೂ ಮಾಡಿ, ಲೈಟ್ ಸ್ವಿಚ್ಚನ್ನು ಮುಟ್ಟದೆ ಇಳಿದು ಹಿಂದಕ್ಕೆ ಹೋಗಿ ನೋಡಿ. ಕೆಂಪು ದೀಪ ಉರಿಯದಿದ್ದರೆ ಕೊಟ್ಟಿಗೆಹಾರ ದಾಟುವ ಮೊದಲೇ ಆ ಸ್ವಿಚ್ಚನ್ನು ನೀವೇ ತಿರುಗಿಸಬೇಕು.