ಮನೆಯ ನ್ಯಾಸ್‌ನಲ್ಲಿ ಪೈ-ಹೋಲ್: ಮಲೆನಾಡಿನ ಮನೆಗಳಿಗೆ ಅಧ್ಯಯನ ಟಿಪ್ಪಣಿ

ಫೋಟೊ, ವಿಡಿಯೊ, ತೋಟದ ಲೆಕ್ಕ ಇಡಲು ಮನೆಯಲ್ಲಿ ನ್ಯಾಸ್ (ಮನೆಯ ನೆಟ್‌ವರ್ಕ್‌ಗೆ ಜೋಡಿಸಿದ ಸಂಗ್ರಹ ಪೆಟ್ಟಿಗೆ) ಇದ್ದರೆ, ಮನೆಮಂದಿಯ ಫೋನು, ಟಿವಿಗಳಿಗೆ ಬರುವ ಜಾಹೀರಾತು ತಡೆಯುವ ಕೆಲಸವನ್ನೂ ಅದಕ್ಕೇ ಒಪ್ಪಿಸಬಹುದು. ಆ ಕೆಲಸ ಮಾಡುವ ತಂತ್ರಾಂಶ ಪೈ-ಹೋಲ್; ಅದಕ್ಕೆ 512 ಎಂಬಿ ರ‍್ಯಾಮ್ ಸಾಕು. ಆದರೆ ಅಂದಿನಿಂದ ನ್ಯಾಸ್ ಆಫ್ ಆದರೆ ಇಡೀ ಮನೆಯ ಇಂಟರ್ನೆಟ್ ನಿಂತ ಹಾಗೆಯೇ. ಆರಿದ್ರಾ, ಪುನರ್ವಸು ಮಳೆಗೆ ಮೂಡಿಗೆರೆ, ಸಕಲೇಶಪುರದ ಕಡೆ ಕರೆಂಟು ಹೋಗಿ ಬಂದು ಮಾಡುವುದನ್ನು ನೆನಪಿಟ್ಟುಕೊಂಡೇ ಮುಂದಿನದನ್ನು ಓದಿ.

ಯಾವುದೇ ಆ್ಯಪ್ ಜಾಹೀರಾತು ತರಿಸುವ ಮೊದಲು ಆ ಸರ್ವರ್‌ನ ವಿಳಾಸವನ್ನು ಡಿಎನ್‌ಎಸ್ (ಹೆಸರು ಕೊಟ್ಟರೆ ವಿಳಾಸ ಹೇಳುವ ಸೇವೆ) ಬಳಿ ಕೇಳುತ್ತದೆ. ಪೈ-ಹೋಲ್ ತನ್ನ ಪಟ್ಟಿಯಲ್ಲಿ ಆ ಹೆಸರು ಕಂಡರೆ 0.0.0.0 (ಎಲ್ಲಿಗೂ ಹೋಗದ ವಿಳಾಸ) ಎಂದು ಉತ್ತರಿಸುತ್ತದೆ, ಕಾಣದಿದ್ದರೆ 9.9.9.9ನಂಥ ಹೊರಗಿನ ಡಿಎನ್‌ಎಸ್ ಕೇಳಿ ತಿಳಿಸುತ್ತದೆ. ಅದು ನೋಡುವುದು ಹೆಸರನ್ನು ಮಾತ್ರ. ಯೂಟ್ಯೂಬ್‌ನಲ್ಲಿ ವಿಡಿಯೊ, ಜಾಹೀರಾತು ಎರಡೂ ಒಂದೇ ಹೆಸರಿನ ಸರ್ವರ್‌ಗಳಿಂದ ಬರುವುದರಿಂದ ಅಲ್ಲಿ ಇದು ನಡೆಯದು.

ಅಳವಡಿಕೆ

ಮೊದಲು ನ್ಯಾಸ್‌ಗೆ ಬದಲಾಗದ ವಿಳಾಸ ಕೊಡಿ, 192.168.1.10 ಎಂದಿಟ್ಟುಕೊಳ್ಳೋಣ. ಡಾಕರ್‌ನಲ್ಲಿ (ತಂತ್ರಾಂಶಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ವ್ಯವಸ್ಥೆ) ಪೈ-ಹೋಲ್ ಕಂಟೇನರ್ ಮಾಡಿ, ಡಿಎನ್‌ಎಸ್ ಪ್ರಶ್ನೆಗಳು ಬರುವ ಬಾಗಿಲಾದ 53ನೇ ಪೋರ್ಟನ್ನು ಟಿಸಿಪಿ, ಯುಡಿಪಿ ಎರಡಕ್ಕೂ ತೆರೆಯಿರಿ. ನ್ಯಾಸ್‌ನ ಸ್ವಂತ ಪುಟ ಸಾಮಾನ್ಯವಾಗಿ 80ನ್ನು ಹಿಡಿದಿರುವುದರಿಂದ ಪೈ-ಹೋಲ್ ಪುಟಕ್ಕೆ 8081 ಕೊಡಿ. ಸೆಟ್ಟಿಂಗ್ಸ್ ಫೋಲ್ಡರನ್ನು ನ್ಯಾಸ್‌ನ ಡಿಸ್ಕಿಗೆ ಜೋಡಿಸದಿದ್ದರೆ ಮುಂದಿನ ಅಪ್‌ಡೇಟ್‌ನಲ್ಲಿ ಎಲ್ಲವೂ ಅಳಿಸಿಹೋಗುತ್ತದೆ.

"53 ಈಗಾಗಲೇ ಬಳಕೆಯಲ್ಲಿದೆ" ಎಂಬ ಎರರ್ ಬಂದರೆ, ಉಬುಂಟುವಿನಲ್ಲಿ ಹೆಚ್ಚಾಗಿ ಅದರ ಸ್ವಂತ ಡಿಎನ್‌ಎಸ್ ಸೇವೆಯಾದ ಸಿಸ್ಟಮ್‌ಡಿ-ರಿಸಾಲ್ವ್‌ಡ್ ಆ ಪೋರ್ಟನ್ನು ಹಿಡಿದಿರುತ್ತದೆ. 53ರಲ್ಲಿ ಕಾಯುವ ಅದರ ಸ್ಟಬ್ ಲಿಸನರ್ ಆಫ್ ಮಾಡಿ. ಕಂಟೇನರ್ ಓಡುತ್ತಿದ್ದರೂ ಉತ್ತರ ಬಾರದಿದ್ದರೆ ಪೈ-ಹೋಲ್‌ನ ಲಿಸನಿಂಗ್ ಮೋಡನ್ನು (ಯಾರ ಪ್ರಶ್ನೆಗೆ ಉತ್ತರಿಸಬೇಕೆಂಬ ಸೆಟ್ಟಿಂಗ್) "ಆಲ್" ಮಾಡಬೇಕು: ಡಾಕರ್‌ನ ಒಳಗಿನ ನೆಟ್‌ವರ್ಕ್ ಬೇರೆಯಾದ್ದರಿಂದ ಮನೆಯ ಫೋನುಗಳನ್ನು ಪೈ-ಹೋಲ್ ಹೊರಗಿನವೆಂದು ಭಾವಿಸುತ್ತದೆ. ಇದನ್ನು ಮಾಡಿದ ಮೇಲೆ ರೂಟರ್‌ನಲ್ಲಿ 53ನ್ನು ಹೊರಜಗತ್ತಿಗೆ ಫಾರ್ವರ್ಡ್ ಮಾಡಲೇಬೇಡಿ. ಮಾಡಿದರೆ ಬೇರೆಯವರ ಮೇಲೆ ದಾಳಿ ಮಾಡಲು ನಿಮ್ಮ ಸರ್ವರ್ ಬಳಕೆಯಾಗಬಹುದು.

ಜಾಹೀರಾತು ನುಸುಳುವ ಸಂದುಗಳು

ಹೆಚ್ಚಿನವರು ಎಡವುವುದು ಇಲ್ಲಿ. ರೂಟರ್‌ನ ಡಿಎಚ್‌ಸಿಪಿ ಪುಟದಲ್ಲಿ (ಮನೆಯ ಫೋನುಗಳಿಗೆ ವಿಳಾಸ ಹಂಚುವ ಸೆಟ್ಟಿಂಗ್) ಮೊದಲ ಡಿಎನ್‌ಎಸ್ ನ್ಯಾಸ್, ಎರಡನೆಯದು ಗೂಗಲ್‌ನ 8.8.8.8 ಎಂದು ಕೊಡುತ್ತಾರೆ, "ಒಂದು ಕೈಕೊಟ್ಟರೆ ಇನ್ನೊಂದು ಇರಲಿ" ಎಂದು. ಫೋನು, ಕಂಪ್ಯೂಟರುಗಳು ಎರಡನೆಯದನ್ನು ಆಪತ್ತಿಗೆಂದು ಎತ್ತಿಡುವುದಿಲ್ಲ, ಮನಬಂದಾಗ ಅದನ್ನೂ ಕೇಳುತ್ತವೆ. ಎರಡೂ ಜಾಗಕ್ಕೆ ನ್ಯಾಸ್ ವಿಳಾಸವನ್ನೇ ಹಾಕಿ. ಖಾಲಿ ಬಿಟ್ಟರೆ ಕೆಲವು ರೂಟರುಗಳು ತಮ್ಮದೇ ವಿಳಾಸ ತುಂಬುತ್ತವೆ.

ಇನ್ನೊಂದು ಸಂದು ಐಪಿವಿ6, ಅಂದರೆ ಹಳೆಯ ಐಪಿವಿ4 ಜೊತೆಗೇ ನಡೆಯುವ ಹೊಸ ಬಗೆಯ ಇಂಟರ್ನೆಟ್ ವಿಳಾಸ. ಐಪಿವಿ4ನಲ್ಲಿ ಎಲ್ಲ ಸರಿಯಿದ್ದರೂ ಫೈಬರ್ ರೂಟರ್ ಇಂಟರ್ನೆಟ್ ಕಂಪನಿಯ ಐಪಿವಿ6 ಡಿಎನ್‌ಎಸ್ಸನ್ನು ಹಂಚುತ್ತಿರಬಹುದು. ಆ ಹಂಚಿಕೆ ನಿಲ್ಲಿಸಿ. ಆಂಡ್ರಾಯ್ಡ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್‌ಗೆ ಯಾವುದಾದರೂ ಕಂಪನಿಯ ಹೆಸರು ಕೊಟ್ಟಿದ್ದರೆ ಅದನ್ನೂ ತೆಗೆಯಿರಿ. ಕೊನೆಗೆ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಹೊಸ ಡಿಎನ್‌ಎಸ್ ವಿಳಾಸ ಬರುತ್ತದೆ. ಕಂಪ್ಯೂಟರಿನಲ್ಲಿ ಗೂಗಲ್ ಜಾಹೀರಾತಿನ ಡಬಲ್‌ಕ್ಲಿಕ್ ಡಾಟ್ ನೆಟ್‌ಗೆ ಎನ್‌ಎಸ್‌ಲುಕಪ್ (ಡಿಎನ್‌ಎಸ್ ಉತ್ತರ ತೋರಿಸುವ ಆಜ್ಞೆ) ಕೊಟ್ಟಾಗ 0.0.0.0 ಬಂದರೆ ಗೆದ್ದಿರಿ.

ಕರೆಂಟು

ನ್ಯಾಸ್, ರೂಟರ್, ಫೈಬರ್ ಡಬ್ಬಿ ಮೂರೂ ಒಂದೇ ಯುಪಿಎಸ್ ಮೇಲೆ ಇರಲಿ. ಮನೆಯ ಇನ್ವರ್ಟರ್‌ಗೇ ಜೋಡಿಸಿದ್ದರೆ ಅದರ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಇಡಿ, ಇಲ್ಲದಿದ್ದರೆ ಬದಲಾಗುವ ಆ ಕ್ಷಣದಲ್ಲಿ ನ್ಯಾಸ್ ರೀಸ್ಟಾರ್ಟ್ ಆಗಬಹುದು. ಕರೆಂಟು ಬಂದಾಗ ತಾನಾಗಿ ಆನ್ ಆಗುವ ಸೆಟ್ಟಿಂಗ್ ಬಯೋಸ್‌ನಲ್ಲಿ (ಯಂತ್ರ ಆನ್ ಆಗುವಾಗಿನ ಮೂಲ ಸೆಟ್ಟಿಂಗ್ಸ್) ಅಥವಾ ನ್ಯಾಸ್‌ನ ಸ್ವಂತ ಪುಟದಲ್ಲಿರುತ್ತದೆ. ಕಂಟೇನರಿಗೂ ತಾನೇ ಏಳುವ ನಿಯಮ ಕೊಡಿ. ನ್ಯಾಸ್‌ನ ಸ್ವಂತ ಡಿಎನ್‌ಎಸ್ ಮಾತ್ರ ಹೊರಗಿನ 1.1.1.1 ಇರಲಿ: ಪೈ-ಹೋಲ್ ಏಳುವ ಮೊದಲೇ ಅದಕ್ಕೆ ಗಡಿಯಾರ ಸರಿಮಾಡಿಕೊಳ್ಳಬೇಕು, ಪೈ-ಹೋಲ್‌ನ ಇಮೇಜ್ (ಕಂಟೇನರ್‌ನ ಮೂಲ ಕಡತ) ಇಳಿಸಿಕೊಳ್ಳಬೇಕು.

ಪೈ-ಹೋಲ್ ಪ್ರತಿ 60 ಸೆಕೆಂಡಿಗೊಮ್ಮೆ ಲಾಗ್ ಬರೆಯುವುದರಿಂದ ಹಾರ್ಡ್ ಡಿಸ್ಕ್ ನಿದ್ದೆಗೆ ಹೋಗುವುದೇ ಇಲ್ಲ. ಪೈ-ಹೋಲ್‌ನ ಫೋಲ್ಡರನ್ನು ಎಸ್‌ಎಸ್‌ಡಿಗೆ ಹಾಕಿ, ಇಲ್ಲವೇ ಆ ಅಂತರವನ್ನು 3600 ಸೆಕೆಂಡು ಮಾಡಿ.

ನ್ಯಾಸ್ ಪೂರ್ತಿ ಕೆಟ್ಟ ದಿನಕ್ಕೆ ರೂಟರ್‌ನ ವಿಳಾಸ, ಪಾಸ್‌ವರ್ಡ್, "ಡಿಎನ್‌ಎಸ್ ಆಟೊ ಮಾಡಿ, ವೈಫೈ ಆಫ್ ಮಾಡಿ ಆನ್ ಮಾಡಿ" ಎಂಬ ಸಾಲು ಬರೆದ ಚೀಟಿಯನ್ನು ಮನೆಯವರಿಗೆ ಸಿಗುವ ಕಡೆ ಇಡಿ.