ನಕ್ಷೆಯಲ್ಲಿ ಹಡಗು ಕಾಣದಿದ್ದರೆ ಗಾಬರಿಯಾಗಬೇಕಾ?

ಪ್ರಶ್ನೆ: ನನ್ನ ತಮ್ಮ ಸಮುದ್ರದ ತೈಲ ಬಾವಿಗಳಿಗೆ ಸಾಮಾನು ಸಾಗಿಸುವ ಹಡಗಿನಲ್ಲಿದ್ದಾನೆ. ಟ್ರ್ಯಾಕಿಂಗ್ ಆ್ಯಪ್‌ನಲ್ಲಿ ಆ ಹಡಗು ಗಂಟೆಗಟ್ಟಲೆ ಕಾಣುವುದಿಲ್ಲ. ಕಂಡರೂ ನಿಂತಲ್ಲೇ ನಿಂತಿರುತ್ತದೆ. ಏನಾದರೂ ತೊಂದರೆಯಾ?

ಉತ್ತರ: ಸಾಮಾನ್ಯವಾಗಿ ಏನೂ ತೊಂದರೆ ಇರುವುದಿಲ್ಲ. ಆ್ಯಪ್ ತೋರಿಸುವುದು ಹಡಗಿನ ಎಐಎಸ್ ಯಂತ್ರ (ಹಡಗಿನ ಗುರುತು, ಜಾಗವನ್ನು ತಾನೇ ಸಾರುವ ಯಂತ್ರ) ವಿಎಚ್‌ಎಫ್ ರೇಡಿಯೋದಲ್ಲಿ ಕಳಿಸುವ ಸಂದೇಶವನ್ನು. ದೊಡ್ಡ ಹಡಗುಗಳ ಯಂತ್ರ, ಹಡಗು ಚಲಿಸುವಾಗ 2ರಿಂದ 10 ಸೆಕೆಂಡಿಗೊಮ್ಮೆ ಜಾಗ ಹೇಳುತ್ತದೆ. ಲಂಗರು ಹಾಕಿದ್ದರೆ 3 ನಿಮಿಷಕ್ಕೊಮ್ಮೆ. ಆದರೆ ಈ ರೇಡಿಯೋ ಹೆಚ್ಚುಕಡಿಮೆ ನೇರ ದೃಷ್ಟಿಯಷ್ಟು ದೂರವೇ ಮುಟ್ಟುತ್ತದೆ. ದಡದ ಆಂಟೆನಾಗೆ ಸಿಗುವುದು ಸುಮಾರು 40 ನಾಟಿಕಲ್ ಮೈಲಿಯವರೆಗೆ. ಅದರಾಚೆ ಉಪಗ್ರಹವೇ ಕೇಳಿಸಿಕೊಳ್ಳಬೇಕು. ಉಪಗ್ರಹದ ಮಾಹಿತಿಯನ್ನು ಎಷ್ಟೋ ಆ್ಯಪ್‌ಗಳು ದುಡ್ಡು ಕೊಟ್ಟವರಿಗಷ್ಟೇ ತೋರಿಸುತ್ತವೆ. ಹಾಗಾಗಿ ನಕ್ಷೆಯಲ್ಲಿ ಹಡಗಿನ ಚುಕ್ಕೆ ನೋಡುವ ಮೊದಲು ಪಕ್ಕದಲ್ಲಿರುವ "ಕೊನೆಯ ಸಂದೇಶ ಬಂದ ಸಮಯ" ನೋಡಿ.

ನಿಂತಲ್ಲೇ ನಿಂತಿರುವುದೂ ಈ ಹಡಗಿನ ಕೆಲಸವೇ. ತೈಲ ಬಾವಿಯ ಪ್ಲಾಟ್‌ಫಾರ್ಮ್ ಪಕ್ಕದಲ್ಲಿ ಲಂಗರಿಲ್ಲದೆ ನಿಂತು, ಡೀಸೆಲ್, ನೀರು, ಸಿಮೆಂಟು, ಕೊಳವೆಗಳನ್ನು ಒಪ್ಪಿಸಬೇಕು. ಅದಕ್ಕೇ ಇದರ ವಿವರದಲ್ಲಿ ನಾನು ಮೊದಲು ಹುಡುಕುವುದು ಡಿಪಿ2 ಎಂಬ ಗುರುತನ್ನು. ಡಿಪಿ (ಡೈನಾಮಿಕ್ ಪೊಸಿಷನಿಂಗ್) ವ್ಯವಸ್ಥೆ ಗಾಳಿ ಮತ್ತು ಅಲೆಗೆ ಎದುರಾಗಿ ಥ್ರಸ್ಟರ್‌ಗಳನ್ನು, ಅಂದರೆ ಹಡಗನ್ನು ತಳ್ಳುವ ಪ್ರೊಪೆಲ್ಲರ್‌ಗಳನ್ನು, ತಾನೇ ನಡೆಸಿ ಹಡಗನ್ನು ಜಾಗದಲ್ಲಿ ಹಿಡಿದಿಡುತ್ತದೆ. ಡಿಪಿ2 ಅಂದರೆ ಒಂದು ಥ್ರಸ್ಟರೋ ಜನರೇಟರೋ ಕೈಕೊಟ್ಟರೂ ಹಡಗು ಜಾಗ ಬಿಟ್ಟು ಕದಲಬಾರದು. ಕೆಲವು ಮೀಟರ್ ಅಂತರದಲ್ಲಿ ಉಕ್ಕಿನ ಕಂಬಗಳಿರುವಾಗ ಇದು ಜೀವದ ಪ್ರಶ್ನೆ. ಲಂಗರು ಎಳೆಯುವ, ರಿಗ್ (ಬಾವಿ ಕೊರೆಯುವ ಕಟ್ಟೆ) ಎಳೆದೊಯ್ಯುವ ಹಡಗಾದರೆ ಬೊಲಾರ್ಡ್ ಪುಲ್, ಅಂದರೆ ಎಳೆಯುವ ಬಲ ಎಷ್ಟು ಟನ್ ಅನ್ನುವುದನ್ನೂ ನೋಡಿ. ಸಾಮಾನು ಒಯ್ಯುವ ಹಡಗಿಗೆ ಡೆಕ್ಕಿನ ಖಾಲಿ ಜಾಗವೇ ಮುಖ್ಯ. ಇವೆಲ್ಲ ಎಐಎಸ್‌ನಲ್ಲಿ ಬರುವುದಿಲ್ಲ, ಹಡಗಿನ ಕಂಪನಿಯ ವಿವರಪಟ್ಟಿಯಲ್ಲಿ ಸಿಗುತ್ತವೆ.

ಹುಡುಕುವಾಗ ಹೆಸರನ್ನು ನಂಬಬೇಡಿ. ಒಂದೇ ಹೆಸರಿನ ಹಡಗುಗಳು ಬೇಕಾದಷ್ಟಿವೆ, ಮಾರಾಟವಾದರೆ ಹೆಸರೂ ಬದಲಾಗುತ್ತದೆ. ಹಡಗಿನ ರೇಡಿಯೋ ಗುರುತಾದ 9 ಅಂಕಿಯ ಎಂಎಂಎಸ್ಐ ಸಂಖ್ಯೆ ಕೂಡ ಧ್ವಜದ ದೇಶ ಬದಲಾದಾಗ ಬದಲಾಗುತ್ತದೆ. ಹಡಗಿಗೆ ಸಿಗುವ ಕಾಯಂ ಗುರುತಾದ 7 ಅಂಕಿಯ ಐಎಂಒ ಸಂಖ್ಯೆ ಮಾತ್ರ ಹಡಗು ಗುಜರಿಗೆ ಹೋಗುವ ತನಕ ಅದೇ. ತಮ್ಮನಿಂದ ಅದನ್ನೇ ಕೇಳಿ ಬರೆದಿಟ್ಟುಕೊಳ್ಳಿ. ಇನ್ನು ಮುಂದಿನ ಬಂದರು, ತಲುಪುವ ಸಮಯ ಇವನ್ನು ಸಿಬ್ಬಂದಿ ಕೈಯಾರೆ ತುಂಬುತ್ತಾರೆ. ಕೆಲಸದ ಗಡಿಬಿಡಿಯಲ್ಲಿ ಹಳೆಯದೇ ಉಳಿದಿರಬಹುದು.

ನಿಜಕ್ಕೂ ಆತಂಕವಾದರೆ ಆ್ಯಪ್ ನೋಡುತ್ತಾ ಕೂರಬೇಡಿ. ಕಂಪನಿಯ ಕಚೇರಿಗೆ ಫೋನ್ ಮಾಡಿ. ಹಡಗಿನ ಜೊತೆ ಅವರಿಗೆ ನೇರ ಸಂಪರ್ಕ ಇರುತ್ತದೆ.