ನಿದ್ದೆ ಹೆಚ್ಚಲ್ಲ, ಬೇಲಿ ಸಡಿಲ

ವೈನ್ ಪೀಪಾಯಿಗಳ ವ್ಯಾಪಾರಿ, ವಯಸ್ಸು 38. ಇಸ್ಪೀಟಿಗೆ ಕೂತಾಗ ಒಳ್ಳೆ ಎಲೆ ಬಿತ್ತೋ, ಅದನ್ನು ಇಳಿಸಲೂ ಆಗದಂತೆ ಕೈ ಸೋತು ಹೋಗುತ್ತಿತ್ತು. ಜೋರಾಗಿ ನಕ್ಕರೂ ಅಷ್ಟೇ, ವ್ಯಾಪಾರ ಕುದುರಿತೆಂದು ಹಿಗ್ಗಿದರೂ ಅಷ್ಟೇ. ಊಟ ಮಾಡುತ್ತಾ ಮಾಡುತ್ತಾ ನಿದ್ದೆ, ಮಾತಾಡುತ್ತಾ ನಿದ್ದೆ. ದಿನಕ್ಕೆ 200 ಸಲದವರೆಗೂ ಹೀಗಾಗುತ್ತಿತ್ತಂತೆ. ಫ್ರಾನ್ಸಿನ ವೈದ್ಯ ಜೆಲಿನೊ 1880ರಲ್ಲಿ ಈತನ ವಿಷಯ ಬರೆದು ಕಾಯಿಲೆಗೆ ನಾರ್ಕೊಲೆಪ್ಸಿ ಎಂದು ಹೆಸರಿಟ್ಟರು. ಜರ್ಮನಿಯ ವೆಸ್ಟ್‌ಫಾಲ್ 1877ರಲ್ಲೇ ಇಂಥ ರೋಗಿಯನ್ನು ಕಂಡು ವಿವರಿಸಿದ್ದರು. ಆದರೆ ನಾಮಕರಣ ಮಾಡಿದವರಿಗೇ ಕೀರ್ತಿ ಹೋಯಿತು.

ನಮ್ಮ ಕಡೆ ಇಂಥವರಿಗೆ ಕುಂಭಕರ್ಣ ಎಂಬ ಬಿರುದು ಸಿದ್ಧವಾಗಿಯೇ ಇರುತ್ತದೆ. ಅದು ತಪ್ಪು ಹೋಲಿಕೆ. ಇಪ್ಪತ್ನಾಲ್ಕು ಗಂಟೆಯ ಲೆಕ್ಕ ತೆಗೆದರೆ ಇವರು ಉಳಿದವರಿಗಿಂತ ಬಹಳ ಹೆಚ್ಚೇನೂ ಮಲಗುವುದಿಲ್ಲ. ರಾತ್ರಿ ಪದೇ ಪದೇ ಎಚ್ಚರ, ಹಗಲು ತಡೆಯಲಾರದ ಜೋಂಪು. ಕೆಟ್ಟಿರುವುದು ನಿದ್ದೆಗೂ ಎಚ್ಚರಕ್ಕೂ ನಡುವಿನ ಬೇಲಿ.

ಅದು ಗೊತ್ತಾಗಲು ಕಾಲ ಹಿಡಿಯಿತು. 1953ರಲ್ಲಿ ಷಿಕಾಗೊದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್, ರೆಪ್ಪೆಯೊಳಗೆ ಕಣ್ಣು ಸರಸರ ಹೊರಳುವ ಕನಸಿನ ನಿದ್ದೆಯನ್ನು, ಅಂದರೆ ರೆಮ್ ನಿದ್ದೆಯನ್ನು ಗುರುತಿಸಿದರು. ಸಾಮಾನ್ಯವಾಗಿ ಮಲಗಿ ಸುಮಾರು ಒಂದೂವರೆ ಗಂಟೆಯ ಮೇಲೆ ಅದು ಬರುತ್ತದೆ. ಕನಸಿಗೆ ತಕ್ಕಂತೆ ಎದ್ದು ಓಡದಿರಲೆಂದು ಆಗ ಮೆದುಳು ಕೈಕಾಲಿನ ಸ್ನಾಯುಗಳನ್ನು ಕಟ್ಟಿಹಾಕುತ್ತದೆ. ನಾರ್ಕೊಲೆಪ್ಸಿಯಲ್ಲಿ ಕಣ್ಣು ಮುಚ್ಚಿದ ಕೂಡಲೇ ರೆಮ್ ನುಗ್ಗುತ್ತದೆಂದು 1960ರಲ್ಲಿ ವೋಗೆಲ್ ವರದಿ ಮಾಡಿದರು. ಒಗಟು ಅಲ್ಲಿಂದ ಬಿಡಿಸಿಕೊಳ್ಳತೊಡಗಿತು. ನಕ್ಕಾಗ ಮಂಡಿ ಕುಸಿಯುವುದು, ಅಂದರೆ ಕ್ಯಾಟಪ್ಲೆಕ್ಸಿ, ಎಚ್ಚರದೊಳಕ್ಕೆ ಸೋರಿ ಬಂದ ಅದೇ ಕಟ್ಟು. ಆ ಹೊತ್ತಿನಲ್ಲಿ ಪ್ರಜ್ಞೆ ತಪ್ಪುವುದಿಲ್ಲ, ಸುತ್ತಲಿನವರ ಮಾತೆಲ್ಲ ಕೇಳುತ್ತಿರುತ್ತದೆ. ಎದೆ ಮೇಲೆ ಯಾರೋ ಕೂತ ಹಾಗಾಯಿತು, ಕೂಗಲು ದನಿಯೇ ಹೊರಡಲಿಲ್ಲ ಎನ್ನುತ್ತಾರಲ್ಲ, ಅದರ ಮೂಲವೂ ಇದೇ. (ಆರೋಗ್ಯವಂತರಿಗೂ ಆಗೊಮ್ಮೆ ಈಗೊಮ್ಮೆ ಹಾಗಾಗುವುದುಂಟು, ಅಷ್ಟಕ್ಕೇ ಗಾಬರಿ ಬೇಡ.)

ತೂಕಡಿಸುವವರಿಗೆ ಹಾಸಿಗೆ ಹಾಸಿಕೊಟ್ಟ ಹಾಗೆ ಎಂಬ ಗಾದೆಯನ್ನು ವೈದ್ಯರು ಅಕ್ಷರಶಃ ಪಾಲಿಸುವುದು ಕಾಯಿಲೆ ಪತ್ತೆ ಹಚ್ಚುವಾಗ. ಸ್ಟ್ಯಾನ್‌ಫರ್ಡ್‌ನ ಕಾರ್ಸ್ಕಡನ್ ಮತ್ತು ಡಿಮೆಂಟ್ 1970ರ ದಶಕದಲ್ಲಿ ರೂಪಿಸಿದ ಪರೀಕ್ಷೆ ಇದು. ತಲೆಗೆ ತಂತಿ ಅಂಟಿಸಿ ರಾತ್ರಿಯ ನಿದ್ದೆಯನ್ನೆಲ್ಲ ದಾಖಲಿಸಿಕೊಂಡು, ಮರುದಿನ ಎರಡೆರಡು ಗಂಟೆಗೊಮ್ಮೆ ಕತ್ತಲೆ ಕೋಣೆಯಲ್ಲಿ ಮಲಗಿಸುತ್ತಾರೆ, ಐದು ಸಲದವರೆಗೆ. ಸರಾಸರಿ 8 ನಿಮಿಷದೊಳಗೆ ನಿದ್ದೆ ಹತ್ತಿ, ಕನಿಷ್ಠ ಎರಡು ಸಲ ಬೇಗನೆ ರೆಮ್ ಕಾಣಿಸಿದರೆ ನಾರ್ಕೊಲೆಪ್ಸಿಯ ಕಡೆಗೆ ಬೆರಳು ತೋರುತ್ತದೆ. ಇಲ್ಲಿಗೆ ಬರುವ ಹೊತ್ತಿಗೆ ಅನೇಕರು ಸೋಮಾರಿ, ಮೂರ್ಛೆರೋಗಿ, ಖಿನ್ನತೆಯವರು ಎಂಬ ಹಣೆಪಟ್ಟಿಗಳನ್ನೆಲ್ಲ ದಾಟಿ ಬಂದಿರುತ್ತಾರೆ, ವರ್ಷಗಟ್ಟಲೆ.

ಕಾರಣ ತೋರಿಸಿಕೊಟ್ಟದ್ದು ನಾಯಿಗಳು. ಸ್ಟ್ಯಾನ್‌ಫರ್ಡ್‌ನಲ್ಲಿ ಈ ಕಾಯಿಲೆಯ ಡೊಬರ್‌ಮನ್, ಲ್ಯಾಬ್ರಡಾರ್‌ಗಳನ್ನು ಸಾಕಿದ್ದರು. ರುಚಿಯಾದ ತುಣುಕುಗಳನ್ನು ಸಾಲಾಗಿ ಇಟ್ಟರೆ ಆರೋಗ್ಯದ ನಾಯಿ ಕ್ಷಣದಲ್ಲಿ ಗುಳುಂ ಮಾಡುತ್ತದೆ. ಇವು ಒಂದು ತುಣುಕು ತಿಂದ ಖುಷಿಗೇ ಹಿಂಗಾಲು ಮಡಚಿ ಕುಸಿದು, ಎದ್ದು, ಮುಂದಿನ ತುಣುಕಿಗೆ ಮತ್ತೆ ಕುಸಿಯುತ್ತಿದ್ದವು. ಪೀಪಾಯಿ ವ್ಯಾಪಾರಿಗೆ ಬಿದ್ದ ಒಳ್ಳೆ ಎಲೆಯೇ ಇವಕ್ಕೆ ಮಾಂಸದ ಚೂರು! ಎಮ್ಯಾನುಯೆಲ್ ಮಿನ್ಯೊ ಮತ್ತು ಸಂಗಡಿಗರು ಹತ್ತು ವರ್ಷ ಹುಡುಕಿ, 1999ರಲ್ಲಿ ಕೆಟ್ಟ ಜೀನನ್ನು ಹಿಡಿದರು. ಅದು ಎಚ್ಚರವನ್ನು ಹಿಡಿದಿಡುವ ಹೈಪೊಕ್ರೆಟಿನ್ ಎಂಬ ಮೆದುಳಿನ ರಾಸಾಯನಿಕದ ಗ್ರಾಹಿಯದು, ಅಂದರೆ ಆ ರಾಸಾಯನಿಕ ಬಂದು ಕೂರುವ ಜೀವಕೋಶದ ಮೇಲಿನ ಕೊಂಡಿಯದು. ಆ ರಾಸಾಯನಿಕವನ್ನು ಎರಡು ತಂಡಗಳು ಹಿಂದಿನ ವರ್ಷವಷ್ಟೇ ಬೇರೆಬೇರೆಯಾಗಿ ಕಂಡುಹಿಡಿದಿದ್ದವು. ಹಸಿವಿಗೆ ಸಂಬಂಧಿಸಿದ್ದೆಂದುಕೊಂಡ ಯಾನಗಿಸಾವಾ ತಂಡ ಒರೆಕ್ಸಿನ್ ಎಂದಿತು. ಎರಡು ಹೆಸರೂ ಇಂದಿಗೂ ಚಲಾವಣೆಯಲ್ಲಿವೆ.

ಮನುಷ್ಯರಲ್ಲಿ ಕಥೆ ಬೇರೆ. ಕ್ಯಾಟಪ್ಲೆಕ್ಸಿ ಇರುವವರ ಮೆದುಳಿನಲ್ಲಿ ಒರೆಕ್ಸಿನ್ ತಯಾರಿಸುವ ಜೀವಕೋಶಗಳೇ ಹೆಚ್ಚುಕಡಿಮೆ ಅಳಿದು ಹೋಗಿರುತ್ತವೆ ಎಂದು 2000ದಲ್ಲಿ ತಿಳಿಯಿತು. ದೇಹದ ರೋಗನಿರೋಧಕ ಪಡೆಯೇ ಅವನ್ನು ಕೊಲ್ಲುತ್ತದೆಂಬ ಗುಮಾನಿ 1980ರ ದಶಕದ ಜಪಾನಿನ ಅಧ್ಯಯನಗಳಿಂದ ಇತ್ತು. 2009ರ ಎಚ್1ಎನ್1 ಪಿಡುಗಿನ ಬಳಿಕ ಅದು ಬಲವಾಯಿತು. ಫಿನ್ಲೆಂಡ್, ಸ್ವೀಡನ್‌ಗಳಲ್ಲಿ ಆ ಫ್ಲೂ ತಡೆಯಲೆಂದು ಕೊಟ್ಟ ಪ್ಯಾಂಡೆಮ್ರಿಕ್ಸ್ ಲಸಿಕೆ ಪಡೆದ ಮಕ್ಕಳು ಮತ್ತು ಹದಿಹರೆಯದವರಲ್ಲಿ ನಾರ್ಕೊಲೆಪ್ಸಿ ಹೆಚ್ಚಿತು. ಆ ಲಸಿಕೆ ಬಳಸದ ಚೀನಾದಲ್ಲಿ ಫ್ಲೂ ಅಲೆಯ ಹಿಂದೆಯೇ ಪ್ರಕರಣಗಳು ಏರಿದವು.

ಸತ್ತ ಕೋಶಗಳನ್ನು ಮರಳಿ ತರುವ ಔಷಧ ಇಲ್ಲ. ಹಗಲಿನ ನಿದ್ದೆಗೆ ಮೊಡಾಫಿನಿಲ್ ಕೊಡುತ್ತಾರೆ (ಗರ್ಭನಿರೋಧಕ ಮಾತ್ರೆಯ ಬಲವನ್ನು ಇದು ಕುಗ್ಗಿಸುತ್ತದೆ, ವೈದ್ಯರನ್ನು ಕೇಳಿಕೊಳ್ಳಬೇಕು), ಕುಸಿತಕ್ಕೆ ವೆನ್ಲಾಫಾಕ್ಸಿನ್‌ನಂಥವು. ಮಧ್ಯಾಹ್ನ ಹೊತ್ತು ಗೊತ್ತುಮಾಡಿಕೊಂಡು ಹದಿನೈದಿಪ್ಪತ್ತು ನಿಮಿಷ ಮಲಗುವುದೂ ಚಿಕಿತ್ಸೆಯೇ. ಶಾಲೆ, ಕಚೇರಿಗಳಿಂದ ಇಷ್ಟಕ್ಕೆ ಒಪ್ಪಿಗೆ ಪಡೆಯುವುದು ಮಾತ್ರೆ ಬರೆಸಿಕೊಂಡಷ್ಟು ಸುಲಭವಲ್ಲ.

ಒರೆಕ್ಸಿನ್‌ನ ಕೆಲಸವನ್ನು ತಾನೇ ಮಾಡುವ ಮಾತ್ರೆಗಳು 2025ರ ಹೊತ್ತಿಗೆ ಮಾನವ ಪ್ರಯೋಗದ ಕೊನೆಯ ಹಂತ ತಲುಪಿದವು. ಅದೇ ಒರೆಕ್ಸಿನ್‌ಗೆ ಅಡ್ಡಗಟ್ಟಿ ನಿದ್ದೆ ತರಿಸುವ ಸುವೊರೆಕ್ಸಾಂಟ್‌ಗೆ 2014ರಲ್ಲೇ ಅಮೆರಿಕದಲ್ಲಿ ಅನುಮತಿ ಸಿಕ್ಕಿತ್ತು. ತೂಕಡಿಸುವ ನಾಯಿಗಳಿಂದ ಕಲಿತ ಪಾಠದ ಮೊದಲ ಲಾಭ ಆದದ್ದು ನಿದ್ದೆ ಬಾರದೆ ಹೊರಳಾಡುವವರಿಗೆ.